ಇಪ್ಪತ್ತೊಂದು ಎಂದಿದ್ದ ಪೊಲೀಸಕ್ಕ

ಕೊಪ್ಪದ ಬಸ್‌ಸ್ಟ್ಯಾಂಡಿನ ಹೊರಗೆ ಮೊನ್ನೆ ಒಬ್ಬ ಹೆಂಗಸು ಬುಟ್ಟಿಯಲ್ಲಿ ಸುರಗಿ ದಂಡೆ ಇಟ್ಟುಕೊಂಡು ಕೂತಿದ್ದಳು. ವರ್ಷದಲ್ಲಿ ಕೆಲವೇ ದಿನ ಸಿಗುವ ಹೂವು ಅದು. ಮಲ್ಲಿಗೆಯ ಹಾಗೆ ಸಂಜೆಗೆ ಬಾಡಿ ಸಪ್ಪೆಯಾಗುವುದಿಲ್ಲ. ಒಣಗಿದಷ್ಟೂ ಘಮ ಗಟ್ಟಿಯಾಗುತ್ತ ಹೋಗುತ್ತದೆ. ಬಸ್ಸಿಗೆ ಕಾಯುತ್ತಿದ್ದವರು ಒಂದು ಸಲ ತಿರುಗಿ ನೋಡಿ ಮತ್ತೆ ಮೊಬೈಲಿಗೆ ಮರಳಿದರು. ನಾನು ನಿಂತಲ್ಲೇ ನಿಂತೆ. ಬೇರೆಯವರಿಗೆ ಅದು ಹೂವಿನ ಪರಿಮಳ. ನನಗೆ ಅದರ ಬೆನ್ನಿಗೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ ಬಟ್ಟೆಯ ವಾಸನೆಯೂ ಬರುತ್ತದೆ...

ಅವರನ್ನು ನಾನು ಪೊಲೀಸಕ್ಕ ಎಂದು ಕರೆಯುತ್ತಿದ್ದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕುಗಳ ನಡುವಿನ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದರು. ಯಾವ ಠಾಣೆ ಎಂದು ಹೇಳುವುದಿಲ್ಲ. ಅಲ್ಲಿ ಈಗಿರುವವರಿಗೂ ಈ ಕಥೆಗೂ ಸಂಬಂಧವಿಲ್ಲ. ಡ್ಯೂಟಿಯಲ್ಲಿ ಹೂ ಮುಡಿಯುವಂತಿಲ್ಲವಲ್ಲ, ಅದಕ್ಕೆ ಒಣಗಿದ ಸುರಗಿಯ ಒಂದು ತುಂಡು ದಂಡೆಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಹತ್ತಿರ ಬಂದು ಮಾತಾಡಿದವರಿಗಷ್ಟೇ ಅದು ಗೊತ್ತಾಗುತ್ತಿತ್ತು. ನಾನು ಅವರ ತೀರಾ ಹತ್ತಿರ ಕೂತ ದಿನ ನನ್ನ ಬದುಕಿನ ಕೆಟ್ಟ ದಿನಗಳಲ್ಲೊಂದು. ಅದನ್ನು ಕೆಟ್ಟದಾಗಿಸಿದವರೂ ಅವರೇ.

ನಾನು ಆಗ ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆ ಹಿರೇಕೊಡಿಗೆ ಕಡೆ. ಈಗ ನನ್ನ ಗಂಡನಾಗಿರುವವರು ಆಗ ಆ ಕಡೆಗೆಲ್ಲ ಬರುತ್ತಿದ್ದ ಕರೆಂಟ್ ಲೈನ್‌ಮ್ಯಾನ್. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಊರಿಗೆ ಊರೇ ಅವರ ಬೈಕಿನ ಸದ್ದಿಗೆ ಕಿವಿಗೊಟ್ಟು ಕೂರುತ್ತಿತ್ತು. ಕಂಬ ಹತ್ತಿದರೆ ಮೇಲಿನಿಂದಲೇ ಕೆಳಗಿದ್ದವರ ಯೋಗಕ್ಷೇಮ ವಿಚಾರಿಸುವ ಮನುಷ್ಯ. ನಮ್ಮಿಬ್ಬರ ನಡುವೆ ಮಾತು ಹೇಗೆ ಬೆಳೆಯಿತು ಎನ್ನುವುದು ಬೇರೆ ಕಥೆ. ಅವರ ಜನ ಬೇರೆ, ನಮ್ಮ ಜನ ಬೇರೆ. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ಅರ್ಥವಾಗುತ್ತದೆ.

ಓಡಿಹೋಗುವುದು ನಮ್ಮಿಬ್ಬರಿಗೂ ಬೇಡವಾಗಿತ್ತು. ಕಾನೂನಿನ ಪ್ರಕಾರವೇ ಆಗಲಿ ಎಂದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯ ನೋಟಿಸ್ ಕೊಟ್ಟೆವು. ಅದನ್ನು ಬೋರ್ಡಿಗೆ ಹಚ್ಚಿ ಒಂದು ತಿಂಗಳು ಕಾಯಬೇಕು. ಯಾರದೋ ಜಮೀನಿನ ನೋಂದಣಿಗೆ ಹೋದ ನಮ್ಮೂರಿನವರೊಬ್ಬರು ಬೋರ್ಡಿನಲ್ಲಿ ನನ್ನ ಹೆಸರು ಓದಿ, ಮನೆಗೆ ಬರುವ ಮೊದಲೇ ಅಪ್ಪಯ್ಯನಿಗೆ ಫೋನ್ ಮಾಡಿದ್ದರು. ಮನೆಯಲ್ಲಿ ಬಿರುಗಾಳಿ ಎದ್ದಿತು. ನಾನು ಭಂಡಿಗಡಿಯಲ್ಲಿದ್ದ ಗೆಳತಿಯ ಮನೆಗೆ ಹೋಗಿ ಕೂತೆ. ಅಪ್ಪಯ್ಯ ಠಾಣೆಗೆ ಹೋಗಿ ಮಗಳು ಕಾಣೆಯಾಗಿದ್ದಾಳೆ ಎಂದು ದೂರು ಕೊಟ್ಟರು.

ಮರುದಿನ ಬೆಳಿಗ್ಗೆ ನನ್ನ ಮೊಬೈಲಿಗೆ ಒಂದು ಕರೆ ಬಂತು. ಹೆಂಗಸಿನ ಧ್ವನಿ, ನಿಧಾನದ ಮಾತು.

"ಹೆದರ್ಬೇಡ ಮಾರಾಯ್ತಿ. ನೀನೇ ಬಂದು ಒಂದು ಹೇಳಿಕೆ ಕೊಟ್ಟು ಹೋಗು. ಆ ಹುಡುಗನ್ನೂ ಬರ್ಲಿಕ್ಕೆ ಹೇಳು. ನಾನಿದ್ದೇನೆ."

ಆ 'ನಾನಿದ್ದೇನೆ' ಎಂಬ ಮಾತನ್ನು ನಂಬಿ ನಾವಿಬ್ಬರೂ ಹೋದೆವು.

ಸಬ್ ಇನ್‌ಸ್ಪೆಕ್ಟರ್ ಯಾವುದೋ ಬಂದೋಬಸ್ತಿಗೆ ಹೋಗಿದ್ದರು. ಠಾಣೆ ಆ ಹೊತ್ತಿಗೆ ಪೊಲೀಸಕ್ಕನ ಕೈಯಲ್ಲಿತ್ತು. ಅಪ್ಪಯ್ಯ ಮತ್ತು ದೊಡ್ಡಪ್ಪ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಪೊಲೀಸಕ್ಕ ಮೊದಲು ಮಾಡಿದ ಕೆಲಸವೆಂದರೆ ನನಗೊಂದು ಲೋಟ ಕಾಫಿ ತರಿಸಿದ್ದು. ನಾನು ಕುಡಿದು ಮುಗಿಸುವವರೆಗೆ ಏನೂ ಕೇಳಲಿಲ್ಲ. ಆಮೇಲೆ ಕೇಳಿದರು.

"ಎಷ್ಟಾಯ್ತು ನಿಂಗೆ?"

"ಇಪ್ಪತ್ತು."

ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಮೂಡಿದ್ದು ನನಗೆ ಈಗಲೂ ನೆನಪಿದೆ.

"ಹಂಗಾರೆ ಇನ್ನೊಂದು ವರ್ಷ ಕಾಯ್ಬೇಕಲ್ಲ ಮಗಾ, ಅಲ್ಲೀವರೆಗೆ ಅಪ್ಪನ ಮನೇಲಿರು. ಹೆಣ್ಮಕ್ಕಳಿಗೂ ಇಪ್ಪತ್ತೊಂದು ಮಾಡಿದ್ದಾರೆ ಈಗ. ಕಾನೂನು ಬಂತು."

ನನ್ನ ಜೊತೆ ಬಂದಿದ್ದ ಇವರು ಬಾಗಿಲ ಹತ್ತಿರ ನಿಂತಿದ್ದರು. "ಹದಿನೆಂಟಲ್ವಾ ಮೇಡಂ? ರಿಜಿಸ್ಟ್ರಾರ್ ಆಫೀಸಲ್ಲಿ ನೋಟಿಸ್ ತಗೊಂಡಿದ್ದಾರಲ್ಲ" ಎಂದರು.

"ಅವ್ರಿಗಿನ್ನೂ ಸುತ್ತೋಲೆ ಬಂದಿರ್ಲಿಕ್ಕಿಲ್ಲ. ನಾನು ಟಿವೀಲಿ ಕಣ್ಣಾರೆ ನೋಡಿದ್ದೇನೆ ಮಾರಾಯ."

ಖಾಕಿ ಹಾಕಿದವರು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಮುಂದೆ ಮಾತು ಎಲ್ಲಿರುತ್ತದೆ. ಆ ದಿನಗಳಲ್ಲಿ ಟಿವಿಯಲ್ಲಿ ಅದೇ ಸುದ್ದಿ ಓಡಿತ್ತು ಎನ್ನುವುದೂ ನಿಜ. ನನಗೇ ಅನುಮಾನ ಹುಟ್ಟಿತು. ನಾನು ಅಳತೊಡಗಿದೆ. ಪೊಲೀಸಕ್ಕ ನನ್ನನ್ನು ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡರು. ಜೇಬಿನಿಂದ ಆ ಒಣ ಸುರಗಿ ತೆಗೆದು ನನ್ನ ಅಂಗೈಯಲ್ಲಿಟ್ಟು, "ಮೂಸು, ತಲೆ ಹಗುರ ಆಗ್ತದೆ" ಎಂದರು.

ಅಲ್ಲೇ ತಮ್ಮ ಕಥೆ ಹೇಳಿದ್ದು. ಪಿಯುಸಿ ಪರೀಕ್ಷೆಯ ರಿಸಲ್ಟ್ ಬರುವ ಮೊದಲೇ, ಹದಿನೆಂಟು ತುಂಬಿದ ಬೆನ್ನಿಗೇ, ಅವರಿಗೆ ಮದುವೆ ಮಾಡಿದ್ದರಂತೆ. ಗಂಡನ ಮನೆಯಲ್ಲಿ ಹೊಡೆತ, ಹಸಿವು. ತಾಯಿಯೊಬ್ಬರೇ ಹೋಗಿ ಕರೆದುಕೊಂಡು ಬಂದಿದ್ದರು. ಆಮೇಲೆ ಓದಿ, ಮೈದಾನದಲ್ಲಿ ಓಡಿ, ಪೊಲೀಸ್ ಕೆಲಸಕ್ಕೆ ಸೇರಿದ್ದರು.

"ನನ್ ಕಾಲಕ್ಕೆ ಈ ಇಪ್ಪತ್ತೊಂದು ಇದ್ದಿದ್ರೆ ನನ್ ಬದುಕೇ ಬೇರೆ ಆಗ್ತಿತ್ತು. ನಿಂಗೆ ಈಗ ಬೇಜಾರಾಗ್ತದೆ. ಮುಂದೊಂದು ದಿನ ನನ್ನ ನೆನೀತೀಯ ನೋಡು" ಎಂದರು.

ಅವರ ಕಣ್ಣಲ್ಲಿ ನೀರಿತ್ತು. ಆ ಹೆಂಗಸು ಸುಳ್ಳು ಹೇಳುತ್ತಿರಲಿಲ್ಲ. ತನಗೆ ಸಿಗದ ಒಂದು ರಕ್ಷಣೆ ಈಗಿನ ಹುಡುಗಿಯರಿಗಾದರೂ ಸಿಕ್ಕಿತಲ್ಲ ಎಂದು ಸಂಭ್ರಮಪಟ್ಟು, ಅದನ್ನು ಪೂರ್ತಿ ಕೇಳಿ ತಿಳಿಯುವ ಮೊದಲೇ ನಂಬಿಬಿಟ್ಟಿದ್ದರು. ಅಪ್ಪಯ್ಯನಿಂದ ಮಗಳಿಗೆ ಯಾವ ತೊಂದರೆಯನ್ನೂ ಕೊಡುವುದಿಲ್ಲ ಎಂದು ಬರೆಸಿಕೊಂಡು ನನ್ನನ್ನು ದೊಡ್ಡಪ್ಪ ತಂದಿದ್ದ ಜೀಪಿನವರೆಗೆ ಕೈ ಹಿಡಿದು ಕರೆದುಕೊಂಡು ಬಂದರು. ಇವರು ಠಾಣೆಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು...

ಅಪ್ಪಯ್ಯ ಕೈ ಎತ್ತಲಿಲ್ಲ. ಅವರು ಕೆಟ್ಟವರಲ್ಲ, ಆದರೆ ಅಣ್ಣನ ಮಾತನ್ನು ಮೀರುವ ಧೈರ್ಯ ಅವರಿಗೆ ಎಂದೂ ಇರಲಿಲ್ಲ. ದೊಡ್ಡಪ್ಪನ ತೀರ್ಮಾನದಂತೆ ನನ್ನನ್ನು ಅಡ್ಡಗದ್ದೆಯಲ್ಲಿದ್ದ ಸೋದರತ್ತೆಯ ಮನೆಗೆ ಕಳಿಸಿದರು. ಮೊಬೈಲು ಹೋಯಿತು. ಕಾಲೇಜು ಹೋಯಿತು. ಅತ್ತೆ ಹೊತ್ತು ಹೊತ್ತಿಗೆ ಊಟ ಕೊಡುತ್ತಿದ್ದರು, ತಲೆಗೆ ಎಣ್ಣೆ ಹಚ್ಚುತ್ತಿದ್ದರು, ಹೊರಗೆ ಹೋಗುವಾಗ ಬಾಗಿಲಿಗೆ ಚಿಲಕ ಹಾಕುತ್ತಿದ್ದರು. ಮೂರನ್ನೂ ಒಂದೇ ಮುಖ ಇಟ್ಟುಕೊಂಡು ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಅಂಗಳದಲ್ಲಿ ಬೈಕಿನ ಸದ್ದು ಕೇಳಿತು. ಆ ಸದ್ದು ನನಗೆ ಗೊತ್ತಿತ್ತು. ನಾನು ಒಳಕೋಣೆಯ ಬಾಗಿಲು ಬಡಿದೆ. ಹೊರಗೆ ಇವರ ಧ್ವನಿ, "ಅವಳ ಜೊತೆ ಒಂದು ಮಾತು ಆಡಿ ಹೋಗ್ತೇನೆ" ಎಂದು. ಆಮೇಲೆ ಅತ್ತೆಯ ಗಂಡುಮಕ್ಕಳ ಧ್ವನಿ. ಆಮೇಲೆ ಏನೋ ಮುರಿದಂಥ ಸದ್ದು. ಇವರು ಕೂಗಲಿಲ್ಲ. ಕೂಗಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತೇನೋ...

ಮುರಿದದ್ದು ಬಲಗೈ, ಮೊಣಕೈಯ ಹತ್ತಿರ ಎಂದು ಅತ್ತೆಯ ಮಕ್ಕಳ ಮಾತಿನಿಂದ ತಿಳಿಯಿತು. ದೂರು ಕೊಟ್ಟರೆ ನನಗೆ ಏನಾದರೂ ಮಾಡಿಯಾರು ಎಂದು ಹೆದರಿ ಇವರು ಆಸ್ಪತ್ರೆಯಲ್ಲಿ ಕಂಬದಿಂದ ಬಿದ್ದೆ ಎಂದು ಹೇಳಿದ್ದರು. ಮೂಳೆ ಸರಿಯಾಗಿ ಕೂಡಲಿಲ್ಲ. ಆ ಕೈ ಮತ್ತೆ ತಲೆಯ ಮೇಲಕ್ಕೆ ಏಳಲಿಲ್ಲ. ಕಂಬ ಹತ್ತುತ್ತಿದ್ದವರನ್ನು ಆಫೀಸಿನಲ್ಲಿ ಕರೆಂಟಿನ ದೂರು ಬರೆದುಕೊಳ್ಳುವ ಕೌಂಟರಿಗೆ ಹಾಕಿದರು.

ನನ್ನ ಪರೀಕ್ಷೆಗಳು ನಾನಿಲ್ಲದೆ ಮುಗಿದವು. ಶಿವಮೊಗ್ಗದ ಕಡೆಯ ಒಂದು ಸಂಬಂಧದ ಮಾತು ಶುರುವಾಗಿತ್ತು. ನಾನು ಇಪ್ಪತ್ತೊಂದು ತುಂಬುವ ದಿನವನ್ನು ಕಾಯುತ್ತಿದ್ದೆ. ಆ ದಿನ ಬಂದರೆ ಪೊಲೀಸಕ್ಕನಿಗೆ ಹೇಗಾದರೂ ಸುದ್ದಿ ಮುಟ್ಟಿಸಬೇಕು, ಅವರು ಬಂದು ಬಿಡಿಸುತ್ತಾರೆ ಎಂದುಕೊಂಡಿದ್ದೆ. ನನ್ನನ್ನು ಅಲ್ಲಿಗೆ ತಳ್ಳಿದವರ ಮೇಲೆಯೇ ನನ್ನ ಆಸೆಯೆಲ್ಲ ನಿಂತಿತ್ತು.

ಅವರು ಅದಕ್ಕೂ ಮೊದಲೇ ಬಂದರು.

ನಡೆದದ್ದನ್ನು ಆಮೇಲೆ ಅವರೇ ಹೇಳಿದ್ದು. ಬೇರೊಂದು ಹುಡುಗಿಯ ವಿಚಾರದಲ್ಲಿ ನರಸಿಂಹರಾಜಪುರದ ಕೋರ್ಟಿಗೆ ಹೋಗಿದ್ದರಂತೆ. ಅವಳಿಗೆ ಹತ್ತೊಂಬತ್ತು ವರ್ಷ. ನ್ಯಾಯಾಧೀಶರು ಅವಳ ವಯಸ್ಸಿನ ದಾಖಲೆ ನೋಡಿ, ಎಲ್ಲಿಗೆ ಹೋಗಲು ಇಷ್ಟ ಎಂದು ಕೇಳಿ, ಅವಳು ಹೇಳಿದಲ್ಲಿಗೆ ಕಳಿಸಿಬಿಟ್ಟರು. ಪೊಲೀಸಕ್ಕನಿಗೆ ಗಾಬರಿ. ಹೊರಗೆ ಬಂದು ಸರ್ಕಾರಿ ವಕೀಲರನ್ನು ಕೇಳಿದರು. "ಇಪ್ಪತ್ತೊಂದು ಅಲ್ವಾ ಸಾರ್?"

ವಕೀಲರು ನಕ್ಕರಂತೆ. "ಅದು ಬರೀ ಮಸೂದೆ ಕಣ್ರೀ. ಪಾರ್ಲಿಮೆಂಟಲ್ಲಿ ಮಂಡಿಸಿದ್ದಾರೆ, ಪಾಸಾಗಿಲ್ಲ. ಪಾಸಾಗಿದ್ರೂ ಮದುವೆಗೆ ಅಷ್ಟೆ. ಹದಿನೆಂಟು ತುಂಬಿದವಳನ್ನ ಅವಳ ಇಷ್ಟ ಇಲ್ಲದೆ ಅಪ್ಪನ ಮನೆಗಾದ್ರೂ ಕಳಿಸ್ಲಿಕ್ಕೆ ನಾವ್ಯಾರು?"

"ನಿನ್ನ ಮುಖ ನೆನಪಾಯ್ತು ಮಾರಾಯ್ತಿ. ಕೋರ್ಟಿನ ಜಗಲಿ ಮೇಲೆ ಹಂಗೇ ಕೂತೆ" ಎಂದು ಹೇಳುತ್ತಿದ್ದರು.

ಸಬ್ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದರೆ, "ನಾಳೆ ನೋಡೋಣ, ಈಗ ಎಂತಕ್ಕೆ ಕೆದಕ್ತೀರಿ" ಎಂದರಂತೆ. ಪೊಲೀಸಕ್ಕ ನಾಳೆಯವರೆಗೆ ಕಾಯಲಿಲ್ಲ. ಮೊದಲು ನಮ್ಮ ಮನೆಗೆ ಹೋದರು. ನಾನಲ್ಲಿಲ್ಲ ಎಂದು ಗೊತ್ತಾದದ್ದೇ ಆಗ. ಅಪ್ಪಯ್ಯ ಅಣ್ಣನಿಗೆ ಫೋನ್ ಮಾಡಲು ಹೋಗಿ, ಮೊಬೈಲು ಕೆಳಗಿಟ್ಟು, ಅಡ್ಡಗದ್ದೆ ಎಂದು ಹೇಳಿದರಂತೆ. ಆ ಒಂದು ಮಾತಿಗಾಗಿ ಅಪ್ಪಯ್ಯನನ್ನು ನಾನು ಬಹಳ ಮಟ್ಟಿಗೆ ಕ್ಷಮಿಸಿದ್ದೇನೆ.

ಅಡ್ಡಗದ್ದೆಗೆ ಬಂದಾಗ ಅತ್ತೆ, ಮಾವ, ಇಬ್ಬರು ಗಂಡುಮಕ್ಕಳು ಜಗಲಿಯಲ್ಲೇ ಕಾಫಿ ಕುಡಿಯುತ್ತಿದ್ದರು. ನಾನು ಒಳಗಿನಿಂದ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದೆ. ಪೊಲೀಸಕ್ಕ ಅಂಗಳದಲ್ಲಿ ನಿಂತು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು.

"ಹುಡುಗೀನ ಕರೀರಿ" ಎಂದರು.

ಮಾವ ಎದ್ದು ನಿಂತರು. "ಎಂತಕ್ಕೆ? ಪೊಲೀಸಿನವ್ರೇ ಬರೆಸ್ಕೊಂಡು ಕಳಿಸ್ಕೊಟ್ಟದ್ದಲ್ವಾ?"

"ಹೌದು. ನಾನೇ ಕಳಿಸಿದ್ದು. ನಾನು ಹೇಳಿದ್ದು ತಪ್ಪು. ಕಾನೂನಲ್ಲಿ ಹಂಗಿಲ್ಲ."

"ಅವತ್ತೊಂದು ಕಾನೂನು, ಇವತ್ತೊಂದಾ?"

"ಕಾನೂನು ಅವತ್ತೂ ಅದೇ, ಇವತ್ತೂ ಅದೇ. ನಂಗೆ ಗೊತ್ತಿರ್ಲಿಲ್ಲ."

ಒಬ್ಬ ಪೊಲೀಸು ಹೀಗೆ ಹೇಳುವುದನ್ನು ಆ ಜಗಲಿಯಲ್ಲಿದ್ದ ಯಾರೂ ಎಂದೂ ಕೇಳಿರಲಿಲ್ಲ. ಬೈದಿದ್ದರೆ ತಿರುಗಿ ಬೈಯುತ್ತಿದ್ದರು. ಹೆದರಿಸಿದ್ದರೆ ಮಾವ ಪರಿಚಯದ ಯಾರಿಗಾದರೂ ಫೋನ್ ಮಾಡುತ್ತಿದ್ದರು. ನನಗೆ ಗೊತ್ತಿರಲಿಲ್ಲ ಎಂದವರಿಗೆ ಏನು ಮಾಡುವುದು ಎಂದು ಅವರಿಗೆ ತೋಚಲಿಲ್ಲ. ಚಿಲಕ ತೆಗೆದದ್ದು ಅತ್ತೆ. ನಾನು ಹೊರಗೆ ಬಂದೆ. ಪೊಲೀಸಕ್ಕ ಎಲ್ಲರ ಎದುರಿಗೂ ನನ್ನನ್ನು ಕೇಳಿದರು.

"ನಿಂಗೆ ಎಲ್ಲಿಗೆ ಹೋಗ್ಬೇಕು ಹೇಳು. ಇಲ್ಲೇ ಇರ್ತೇನೆ ಅಂದ್ರೂ ಸರಿ. ಅಪ್ಪಯ್ಯನ ಮನೆ ಅಂದ್ರೂ ಸರಿ. ನೀನು ಹೇಳ್ಬೇಕು."

ಅವರ ಕಡೆಗೆ ನಡೆದೆ, ಅಷ್ಟೆ. ಬರಿಗಾಲಿನಲ್ಲಿದ್ದೆ. ಅಷ್ಟು ತಿಂಗಳು ಎಲ್ಲೋ ಎತ್ತಿಟ್ಟಿದ್ದ ನನ್ನ ಚಪ್ಪಲಿಯನ್ನು ಅತ್ತೆ ಒಳಗಿನಿಂದ ತಂದು, ಮೆಟ್ಟಿಲ ಕೆಳಗೆ ಜೋಡಿಸಿ ಇಟ್ಟರು. ನನ್ನ ಮುಖ ನೋಡಲಿಲ್ಲ.

ದಾರಿಯಲ್ಲಿ ಜೀಪಿನಲ್ಲಿ ಇವರ ಕೈಯ ವಿಷಯ ನಾನು ಹೇಳಿದೆ. ಪೊಲೀಸಕ್ಕನಿಗೆ ಅದು ಗೊತ್ತಿರಲಿಲ್ಲ. "ಯಾವ ಕೈ?" ಎಂದು ಕೇಳಿದರು.

ಮದುವೆಗೆ ಹೊಸದಾಗಿ ನೋಟಿಸ್ ಕೊಡಬೇಕಾಗಿ ಬಂತು. ಆ ಅವಧಿಯಲ್ಲಿ ನಾನಿದ್ದದ್ದು ಪೊಲೀಸಕ್ಕನ ಕ್ವಾರ್ಟರ್ಸಿನಲ್ಲಿ, ಅವರ ತಾಯಿಯ ಜೊತೆ. ಸಣ್ಣ ಎರಡು ಕೋಣೆ. ಬೆಳಿಗ್ಗೆ ತಾಯಿ ಅಕ್ಕಿರೊಟ್ಟಿ ತಟ್ಟುತ್ತಿದ್ದರೆ ಮಗಳು ನೆಲದ ಮೇಲೆ ಕಂಬಳಿ ಹಾಸಿ ಖಾಕಿಗೆ ಇಸ್ತ್ರಿ ಹಾಕುತ್ತಿದ್ದರು. ಗೆರೆ ಒಂದಿಷ್ಟು ಓರೆಯಾದರೂ ನೀರು ಚಿಮುಕಿಸಿ ಮತ್ತೆ ತೀಡುವುದು. ನನಗೆ ಓದಲು ಪುಸ್ತಕ ತಂದುಕೊಟ್ಟರು. ನಾನು ರೊಟ್ಟಿ ಬಿಟ್ಟರೆ ಬೈದರು. ಆ ಮನೆಯಲ್ಲಿ ನಾನು ಬಹಳ ತಿಂಗಳ ಮೇಲೆ ನಿದ್ದೆ ಮಾಡಿದೆ.

ಇವರು ನನ್ನನ್ನು ನೋಡಲು ಬರುತ್ತಿದ್ದರು. ಕಾಂಪೌಂಡಿನ ಹೊರಗೆ ನಿಂತು ಫೋನ್ ಮಾಡುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. "ನಿಂಗೆ ಅವ್ರು ಅಕ್ಕ ಆಗಿರಬಹುದು. ಗೊತ್ತಿರ್ಲಿಲ್ಲ ಅಂದ್ರೆ ನನ್ ಕೈ ಸರಿ ಆಗ್ತದಾ?" ಎಂದು ಒಂದು ಸಲ ಕೇಳಿದರು. ಪೊಲೀಸಕ್ಕ ಕಿಟಕಿಯಿಂದ ಇವರನ್ನು ನೋಡುತ್ತಿದ್ದದ್ದು ನನಗೆ ಗೊತ್ತು.

ಒಂದು ಬೆಳಿಗ್ಗೆ ಇಸ್ತ್ರಿ ಹಾಕುತ್ತಲೇ ಹೇಳಿದರು, "ನಾನು ಮೇಲಿನವ್ರಿಗೆ ಬರೆದು ಕೊಟ್ಟೆ. ಹಿಂಗಿಂಗೆ ತಪ್ಪಾಗಿದೆ, ವಿಚಾರಣೆ ಮಾಡಿ ಅಂತ."

ನನಗೆ ಗಾಬರಿಯಾಯಿತು. ಯಾರೂ ಕೇಳದೆ ಯಾಕೆ ಬರೆದುಕೊಟ್ಟಿರಿ ಎಂದೆ. ಠಾಣೆಯಲ್ಲೂ ಎಲ್ಲರೂ ಅದನ್ನೇ ಕೇಳಿದ್ದರಂತೆ.

"ಹೆಲ್ಮೆಟ್ ಹಾಕದೆ ಬಂದವನು 'ಗೊತ್ತಿರ್ಲಿಲ್ಲ ಮೇಡಂ' ಅಂದ್ರೆ ನಾನು ಬಿಟ್ಟದ್ದುಂಟಾ? ಗೊತ್ತಿಲ್ಲದ್ದು ನಿನ್ ತಪ್ಪು ಅಂತ ದಂಡ ಹಾಕಿ ಕಳಿಸ್ತೇನೆ. ಅವನಿಗೆ ಓದ್ಲಿಕ್ಕೇ ಬರೂದಿಲ್ಲ ಅಂತಿಟ್ಕೋ, ಆದ್ರೂ ಬಿಡೂದಿಲ್ಲ. ನಂಗೆ ಸಂಬಳ ಕೊಡೂದೇ ಗೊತ್ತಿರ್ಲಿ ಅಂತ."

ಅವರ ತಾಯಿ ಒಲೆಯ ಮುಂದಿನಿಂದ ತಿರುಗಲಿಲ್ಲ. "ಕೆಲ್ಸ ಹೋದ್ರೆ?" ಎಂದಷ್ಟೇ ಕೇಳಿದರು.

"ಹೋಗೂದಿಲ್ಲ ಅಮ್ಮಾ. ಹೋದ್ರೂ ಆ ಹುಡುಗನ ಕೈಯಷ್ಟು ಹೋಗೂದಿಲ್ಲ."

ನಮ್ಮ ಮದುವೆಯ ಕಾಗದಪತ್ರ ನೋಡಿಕೊಳ್ಳುತ್ತಿದ್ದ ವಕೀಲರಿಗೆ ಇದು ಸರಿಕಾಣಲಿಲ್ಲ. ಅವರು ವಯಸ್ಸಾದ, ಬಹಳ ಕಂಡ ಮನುಷ್ಯ. "ಒಪ್ಪಿಕೊಂಡವ್ರಿಗೇ ಶಿಕ್ಷೆ ಆದ್ರೆ, ನಾಳೆಯಿಂದ ಯಾವ ಪೊಲೀಸ್ ಬಂದು ತಪ್ಪಾಯ್ತು ಅಂತಾನೆ? ನೀನು ಇನ್ನೂ ಅಡ್ಡಗದ್ದೇಲೇ ಇರ್ತಿದ್ದೆ ಕಣಮ್ಮ" ಎಂದು ನನಗೆ ಹೇಳಿದರು. ಆ ಮಾತನ್ನು ನಾನು ಆಗಲೂ ತಳ್ಳಿಹಾಕಲಾಗಲಿಲ್ಲ, ಈಗಲೂ ಆಗುವುದಿಲ್ಲ.

ವಿಚಾರಣೆಗೆ ನನ್ನನ್ನೂ ಕರೆದರು. ಹೋಗುವ ದಿನ ಪೊಲೀಸಕ್ಕ ನನ್ನ ತಲೆ ಬಾಚಿ ಜಡೆ ಹಾಕಿದರು. ತಮ್ಮ ವಿರುದ್ಧ ಸಾಕ್ಷಿ ಹೇಳಲು ಹೊರಟವಳಿಗೆ. ಜಡೆ ಹಾಕುತ್ತಾ, "ಇದ್ದದ್ದು ಇದ್ದ ಹಂಗೆ ಹೇಳು. ನನ್ ಮುಖ ನೋಡ್ಬೇಡ" ಎಂದರು.

ಅಧಿಕಾರಿ ಸೌಮ್ಯವಾಗಿಯೇ ಕೇಳಿದರು. ಅವರಿಗೆ ಪ್ರಕರಣ ಬೇಗ ಮುಗಿದರೆ ಸಾಕಿತ್ತು.

"ಇವರು ನಿಮ್ಮನ್ನ ಬೈದ್ರಾ? ಕೈ ಮಾಡಿದ್ರಾ?"

"ಇಲ್ಲ ಸಾರ್. ಕಾಫಿ ಕೊಟ್ಟರು."

"ಮತ್ತೆ ನಿಮ್ಮ ದೂರು ಏನಮ್ಮ?"

"ದೂರು ನನ್ನದಲ್ಲ ಸಾರ್. ಅವರದ್ದೇ."

ಅವರು ಪೆನ್ನು ಕೆಳಗಿಟ್ಟರು. ಸದುದ್ದೇಶದಿಂದ ಆದ ತಪ್ಪು ಎಂದು ಬರೆದು ಮುಗಿಸಬಹುದಲ್ಲ ಎಂದರು. ಒಂದು ಕ್ಷಣ ನನಗೂ ಹಾಗೇ ಅನ್ನಿಸಿತು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪೊಲೀಸಕ್ಕ ಗೋಡೆಯ ಹತ್ತಿರ ನೆಟ್ಟಗೆ ನಿಂತಿದ್ದರು. ಸದುದ್ದೇಶ ಎನ್ನುವುದು ಸುಳ್ಳಲ್ಲ, ಅವರ ಉದ್ದೇಶವನ್ನು ನನ್ನಷ್ಟು ಹತ್ತಿರದಿಂದ ಕಂಡವರಿಲ್ಲ. ಆದರೆ ಇವರ ಕೈಯೂ ಸುಳ್ಳಲ್ಲವಲ್ಲ. ನಾನು ಎಲ್ಲವನ್ನೂ ಹೇಳಿದೆ. ಚಿಲಕ ಹಾಕಿದ ಬಾಗಿಲು, ಹೋದ ಪರೀಕ್ಷೆ, ಅಂಗಳದಲ್ಲಿ ಕೇಳಿದ ಸದ್ದು. ಅವರು ಬಂದು ಟೋಪಿ ತೆಗೆದು ನಿಂತದ್ದನ್ನೂ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ.

ಪೊಲೀಸಕ್ಕನ ಬಡ್ತಿ ತಡೆಹಿಡಿದರು. ಮಲೆನಾಡಿನ ಇನ್ನೊಂದು ಮೂಲೆಯ ಠಾಣೆಗೆ ವರ್ಗ ಮಾಡಿದರು. ಹೊಡೆದವರ ಮೇಲೆ ಆಮೇಲೆ ಹಾಕಿದ ಕೇಸು, ನೋಡಿದವರು ಯಾರೂ ಮುಂದೆ ಬಾರದೆ, ಆಸ್ಪತ್ರೆಯಲ್ಲಿ ಕಂಬದಿಂದ ಬಿದ್ದದ್ದೆಂದು ಬರೆಸಿದ್ದೇ ಅಡ್ಡಬಂದು, ಬಿದ್ದುಹೋಯಿತು. ಇಡೀ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿದವರು ಒಬ್ಬರೇ, ತಾವಾಗಿ ಹೋಗಿ ಕೈಯೊಡ್ಡಿದವರು. ಕಾನೂನು ತಪ್ಪಾಗಿ ತಿಳಿದ ಪೊಲೀಸರನ್ನು ಹೊಣೆ ಮಾಡಬೇಕೇ ಎಂದು ನನ್ನನ್ನು ಯಾರಾದರೂ ಕೇಳಿದರೆ, ಮಾಡಬೇಕು ಎನ್ನುತ್ತೇನೆ. ಎಂದ ಮರುಕ್ಷಣವೇ ಆ ಗೋಡೆಯ ಹತ್ತಿರ ನಿಂತವರು ಕಣ್ಣಿಗೆ ಬರುತ್ತಾರೆ.

ನಮ್ಮ ಮದುವೆಗೆ ಅವರು ಸೀರೆ ಉಟ್ಟು ಬಂದಿದ್ದರು. ಖಾಕಿಯಿಲ್ಲದೆ ಬೇರೆಯೇ ಯಾರೋ ಎನ್ನಿಸಿತು. ಸಾಕ್ಷಿಯ ಸಹಿ ಹಾಕಲು ಕರೆದರೆ ಇವರ ಕಡೆ ಒಮ್ಮೆ ನೋಡಿ, "ಬೇರೆ ಯಾರಾದ್ರೂ ಹಾಕ್ಲಿ" ಎಂದು ಹಿಂದೆ ಸರಿದರು. ಇವರೂ ಬನ್ನಿ ಎನ್ನಲಿಲ್ಲ.

ನಾನು ಮರುವರ್ಷ ಪರೀಕ್ಷೆ ಕಟ್ಟಿ ಪಾಸಾದೆ. ಮುಂದೆ ಓದಿ ಈಗ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಪೊಲೀಸಕ್ಕ ಆಗಾಗ ಫೋನ್ ಮಾಡುತ್ತಿದ್ದರು. ಹೊಸ ಠಾಣೆಯಲ್ಲಿ ಅವರಿಗೆ 'ಲಾಯರಮ್ಮ' ಎಂದು ಅಡ್ಡಹೆಸರು ಬಿದ್ದಿತ್ತಂತೆ. ಯಾರಾದರೂ ಏನಾದರೂ ಕೇಳಿದರೆ, "ಕೂತ್ಕೊಳ್ಳಿ, ಗೊತ್ತಿಲ್ಲ, ಕೇಳಿ ಹೇಳ್ತೇನೆ" ಎಂದು ಫೋನ್ ಹಿಡಿದು ಹೊರಗೆ ಹೋಗುತ್ತಿದ್ದರು. ಜೊತೆಯವರು ನಗುತ್ತಿದ್ದರಂತೆ. "ನಗ್ಲಿ ಬಿಡು. ನಂಗೆ ಈಗ ಬಾಯಿ ಬಿಡ್ಲಿಕ್ಕೇ ಹೆದ್ರಿಕೆ" ಎನ್ನುತ್ತಿದ್ದರು. ಆ ಹೆದರಿಕೆ ಅವರನ್ನು ಬಿಟ್ಟುಹೋಗಲಿ ಎಂದು ನಾನು ಬಯಸುತ್ತಿದ್ದೆ. ಅದು ಬಿಡಲಿಲ್ಲ.

ಹೋದ ವರ್ಷ ಮಳೆ ಕಡಿಮೆಯಾಗುವ ಹೊತ್ತಿಗೆ ಅವರ ತಾಯಿ ಫೋನ್ ಮಾಡಿದರು. ಪೊಲೀಸಕ್ಕನ ಕಾಯಿಲೆ ಗೊತ್ತಾಗುವಾಗಲೇ ತಡವಾಗಿತ್ತು. ನಾನು ಆಸ್ಪತ್ರೆಗೆ ಹೋದೆ. ಗುರುತು ಸಿಗದಷ್ಟು ಇಳಿದುಹೋಗಿದ್ದರು. ನನ್ನ ಕೈ ಹಿಡಿದುಕೊಂಡು, ಎಷ್ಟೋ ಹೊತ್ತಿನ ಮೇಲೆ ಕಣ್ಣು ಬಿಟ್ಟು ಕೇಳಿದರು.

"ಆ ಮಸೂದೆ ಎಂತ ಆಯ್ತು ಗೊತ್ತುಂಟಾ?"

"ಪಾಸಾಗ್ಲೇ ಇಲ್ಲ ಅಕ್ಕಾ. ಹಂಗೇ ಬಿದ್ದುಹೋಯ್ತು."

"ಹೌದಾ." ಸ್ವಲ್ಪ ನಕ್ಕರು. "ಆಗಿದ್ರೆ ಒಳ್ಳೇದಿತ್ತು ಕಣೇ. ಯಾರನ್ನೂ ಕೂಡಿಹಾಕ್ಲಿಕ್ಕಲ್ಲ... ನನ್ನಂಥವ್ರಿಗೆ."

ಅದೇ ಕೊನೆಯ ಮಾತು. ಅಂತ್ಯಕ್ರಿಯೆಗೆ ನಾನು ಹೊರಟಾಗ ಇವರೂ ಚಪ್ಪಲಿ ಮೆಟ್ಟಿ ಜೊತೆಗೆ ಹೊರಟರು. ಅಲ್ಲಿ ಬಂದೂಕು, ಗೌರವವಂದನೆ ಏನೂ ಇರಲಿಲ್ಲ. ಠಾಣೆಯಿಂದ ಕೆಲವರು ಬಂದಿದ್ದರು. ಚಟ್ಟ ಎತ್ತುವಾಗ ಹೆಗಲು ಕೊಡಲು ಒಬ್ಬರು ಕಡಿಮೆ ಬಿದ್ದರು. ಇವರು ಮುಂದೆ ಹೋಗಿ ಎಡಹೆಗಲು ಕೊಟ್ಟರು. ಎತ್ತುವಾಗ ಬಲಗೈ ಕೆಲಸಕ್ಕೆ ಬಾರದೆ ಒಂದು ಕ್ಷಣ ತಡವರಿಸಿದರು, ಪಕ್ಕದವರು ಹಿಡಿದುಕೊಂಡರು.

ಈ ವರ್ಷ ಚಳಿ ಇನ್ನೂ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಇವರು ಬಿಸಿಲಿಗೆ ಬೆನ್ನು ಕೊಟ್ಟು ಅಂಗಳದಲ್ಲಿ ಕೂತು ಮೊಣಕೈ ನೀವಿಕೊಳ್ಳುತ್ತಿದ್ದರು. ನಾನು ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟು, ನನ್ನ ಕಡೆ ನೋಡದೆ ಹೇಳಿದರು.

"ಅವ್ರು ಒಂದ್ಸಲ ನಮ್ ಆಫೀಸಿಗೆ ಬಂದಿದ್ರು. ನಿಂಗೆ ಹೇಳ್ಲಿಲ್ಲ ನಾನು. ಕೌಂಟರಿನ ಲೈನಲ್ಲಿ ನಿಂತ್ಕೊಂಡೇ ಬಂದ್ರು. ಅವ್ರ ಸರದಿ ಬಂದಾಗ ಕೈ ಹೆಂಗಿದೆ ಅಂತ ಕೇಳಿದ್ರು."

"ನೀವೆಂತ ಹೇಳಿದ್ರಿ?"

"ಅವ್ರ ಹಿಂದೆ ನಿಂತವ್ರನ್ನ ಕರೆದೆ."

ಗೇಟಿನ ಹೊರಗೆ ಶಾಲೆಯ ವ್ಯಾನು ಮಕ್ಕಳನ್ನು ತುಂಬಿಕೊಂಡು ಹೋಯಿತು. ನನಗೂ ಹೊರಡುವ ಹೊತ್ತಾಗಿತ್ತು, ಆದರೆ ಏಳಲಿಲ್ಲ. ಇವರಿಗೆ ಇನ್ನೂ ಏನೋ ಹೇಳುವುದಿತ್ತು.

"ಚಳೀಲಿ ಮಾತ್ರ ನೋಯ್ತದೆ ಅಂತ ಹೇಳ್ಬಹುದಿತ್ತು" ಎಂದರು. "ಅಷ್ಟು ಹೇಳ್ಬಹುದಿತ್ತು."

ಹೇಳಬಹುದಿತ್ತು. ಕೇಳಿಸಿಕೊಳ್ಳಬೇಕಾದವರು ಈಗ ಇಲ್ಲ. ನಾನು ಇವರ ಪಕ್ಕದಲ್ಲಿ ಬಿಸಿಲಿಗೆ ಕೂತೆ...